ದವನ ಘಮಿಸುವ ಬಯಲಲ್ಲಿ ಪ್ರಾಂಗ್‌ಹಾರ್ನ್ ಶಿಕಾರಿ

ಸೇಜ್‌ಬ್ರಷ್ ಎಲೆಯನ್ನು ಮೊದಲ ಸಲ ಬೆರಳಲ್ಲಿ ಹೊಸಕಿ ಮೂಸಿದಾಗ ನೆನಪಾದದ್ದು ಮಡಿಕೇರಿ ಸಂತೆಯ ಹೂವಿನ ಬುಟ್ಟಿಯ ದವನ. ಎರಡೂ ಒಂದೇ ಬಳಗದ ಗಿಡಗಳು ಅಂತ ಆಮೇಲೆ ತಿಳಿಯಿತು. ಅಮೆರಿಕದ ವಯೋಮಿಂಗ್ ರಾಜ್ಯದ ಲ್ಯಾಂಡರ್ ಊರಿನ ದಕ್ಷಿಣಕ್ಕೆ, ವಿಂಡ್ ರಿವರ್ ಬೆಟ್ಟಸಾಲು ಇಳಿದು ಬಯಲಾಗುವ ಕಡೆ, ಮೈಲಿಗಟ್ಟಲೆ ಇದೇ ಗಿಡ. ಮೊಣಕಾಲೆತ್ತರ, ಬೂದುಹಸಿರು. ಮರ ಅಂತ ಹುಡುಕಿದರೂ ಸಿಗುವುದಿಲ್ಲ.

ನಾನು ಕೊಡಗಿನವನು. ಕೈಲ್‌ಪೊಳ್ದು ಹಬ್ಬಕ್ಕೆ ಕೋವಿ ಪೂಜೆ ಮಾಡಿ, ತೆಂಗಿನಕಾಯಿಗೆ ಗುಂಡು ಹೊಡೆದು ಬೆಳೆದವನು. ಆದರೆ ಶಿಕಾರಿಯನ್ನು ಅಜ್ಜನ ಬಾಯಲ್ಲಿ ಕೇಳಿದ್ದಷ್ಟೇ. ಶಿಕಾರಿಗೆ ತಡೆ ಹಾಕಿದ 1972ರ ವನ್ಯಜೀವಿ ಕಾಯ್ದೆ ಬಂದಾಗ ನಾನಿನ್ನೂ ಹುಟ್ಟಿರಲಿಲ್ಲ. ಅಜ್ಜ ಹೇಳುತ್ತಿದ್ದದ್ದೆಲ್ಲ ಕಾಡಿನ ಶಿಕಾರಿ: ಮರಸು ಕೂರುವುದು, ಅಂದರೆ ಅಡಗಿ ಕಾಯುವುದು, ನಾಯಿ ಬಿಟ್ಟು ಹಳು ನುಗ್ಗಿಸುವುದು. ಇಲ್ಲಿ ಅದು ನಡೆಯುವುದಿಲ್ಲ. ಪ್ರಾಂಗ್‌ಹಾರ್ನ್ ಬದುಕುವುದು ಕಣ್ಣು ಮತ್ತು ಕಾಲಿನ ಬಲದ ಮೇಲೆ. ಗಂಟೆಗೆ 80 ಕಿಲೋಮೀಟರ್ ಮೀರಿ ಓಡುತ್ತದೆ. ನೋಡಲು ನಮ್ಮ ಚಿಗರೆಯ ಹಾಗಿದ್ದರೂ ಆ ಬಳಗದ್ದಲ್ಲ, ತನ್ನ ಕುಟುಂಬದಲ್ಲಿ ಉಳಿದಿರುವುದು ಅದೊಂದೇ.

ಪರವಾನಗಿ ಲಾಟರಿಯಲ್ಲಿ ಬರುತ್ತದೆ, ಅದೂ ಗೊತ್ತುಪಡಿಸಿದ ಒಂದು ಪ್ರದೇಶಕ್ಕೆ ಮಾತ್ರ. ಜಾಗ ಹುಡುಕಲು ನಕ್ಷೆಯೇ ಗತಿ. ಹಳದಿ ಬಣ್ಣದ್ದು ಬಿಎಲ್‌ಎಂ, ಅಂದರೆ ಕೇಂದ್ರ ಸರ್ಕಾರದ ಸಾರ್ವಜನಿಕ ಭೂಮಿ. ನೀಲಿ ರಾಜ್ಯದ್ದು, ಬಿಳಿ ಖಾಸಗಿ. ಯಾರ ಅಪ್ಪಣೆಯೂ ಬೇಡದೆ, ಒಂದು ಡಾಲರ್ ಕೊಡದೆ, ಸಾವಿರಾರು ಎಕರೆ ಹಳದಿಯಲ್ಲಿ ನಡೆಯಬಹುದು. ಅಂಗೈಯಗಲ ಜಮೀನಿಗೂ ಬೇಲಿ ನೋಡಿ ಬೆಳೆದ ನನಗೆ ಇದು ಇವತ್ತಿಗೂ ಸೋಜಿಗ.

ಮೊದಲ ದಿನ ಕೆಟ್ಟೆ. ದಿಬ್ಬದ ನೆತ್ತಿಗೆ ನೆಟ್ಟಗೆ ನಡೆದುಕೊಂಡು ಹೋಗಿ ನಿಂತೆ. ಆಚೆ ಬದಿ ಮುನ್ನೂರು ಗಜದಲ್ಲಿ ಹಿಂಡು ಮೇಯುತ್ತಿತ್ತು. ಒಂದು ಹೆಣ್ಣು ತಲೆ ಎತ್ತಿತು, ಹಿಂಭಾಗದ ಬಿಳಿ ಕೂದಲು ಹತ್ತಿ ಒಡೆದ ಹಾಗೆ ಅರಳಿತು. ಉಳಿದವಕ್ಕೆ ಅಷ್ಟು ಸಾಕಾಯಿತು. ನಾನು ರೈಫಲ್ ಹೆಗಲಿಂದ ಇಳಿಸುವಷ್ಟರಲ್ಲಿ ಧೂಳು ಮಾತ್ರ ಉಳಿದಿತ್ತು.

ನನ್ನ ಜೊತೆ ಕೆಲಸ ಮಾಡುವ, ಇಲ್ಲೇ ಹುಟ್ಟಿ ಬೆಳೆದ ಹಿರಿಯರೊಬ್ಬರು ಸಂಜೆ ಫೋನಿನಲ್ಲಿ ಒಂದೇ ಮಾತು ಹೇಳಿದರು: "ಗಿಡದ ಹಿಂದೆ ಅಡಗಬೇಡ, ನೆಲದ ಹಿಂದೆ ಅಡಗು."

ಮರುದಿನ ಬೆಳಗಾಗುವ ಮೊದಲೇ ಒಂದು ದಿಬ್ಬದ ಓರೆಯಲ್ಲಿ ಕೂತು ದುರ್ಬೀನು ಹಿಡಿದೆ. ಒಂದೂವರೆ ಕಿಲೋಮೀಟರ್ ದೂರದಲ್ಲಿ ಆರು ಹೆಣ್ಣು, ಒಂದು ಗಂಡು. ಹೆಣ್ಣಿಗೂ ಸಣ್ಣ ಕೊಂಬಿರುತ್ತದೆ, ಹಾಗಾಗಿ ನಾನು ನೋಡುವುದು ಗಂಡಿನ ದವಡೆಯ ಕಪ್ಪು ಮಚ್ಚೆ. ಎರಡು ಗಂಟೆ ಕೂತಲ್ಲಿಂದ ಏಳಲಿಲ್ಲ. ಹಿಂಡು ಮಲಗಿ ಮೆಲುಕು ಹಾಕತೊಡಗಿದ ಮೇಲೆ ನಕ್ಷೆ ತೆಗೆದೆ. ಅವುಗಳ ಬಲಕ್ಕೆ ಒಂದು ಒಣಹಳ್ಳ. ಗಾಳಿ ಅವುಗಳ ಕಡೆಯಿಂದ ನನ್ನ ಕಡೆಗೆ. ದೊಡ್ಡ ಸುತ್ತು ಹಾಕಿ ಹಳ್ಳಕ್ಕಿಳಿದು, ತಲೆ ಕಾಣದ ಹಾಗೆ ಬಗ್ಗಿ ನಡೆದೆ. ಹಳ್ಳ ಮುಗಿದ ಕಡೆಯಿಂದ ನೂರು ಗಜ ಹೊಟ್ಟೆಯ ಮೇಲೆ ತೆವಳಿದ್ದು. ನೆಲಕ್ಕೆ ಅಂಟಿದ ಪಾಪಸುಕಳ್ಳಿಯ ಮೇಲೆ ಎಡ ಅಂಗೈ ಊರಿಬಿಟ್ಟೆ. ಮುಳ್ಳು ಕೀಳಲು ಕೈ ಎತ್ತುವ ಹಾಗಿಲ್ಲ, ಒಂದು ಹೆಣ್ಣು ನೇರ ನನ್ನನ್ನೇ ನೋಡುತ್ತಿತ್ತು. ಅದು ಕಣ್ಣು ತಿರುಗಿಸುವ ತನಕ ಮುಖ ಮಣ್ಣಿಗಿಟ್ಟು ಮಲಗಿದ್ದೆ.

ಕೊನೆಗೆ ದೂರ 170 ಗಜ. ನನ್ನ ಮಿತಿ 200. ಬೇಸಿಗೆಯಿಡೀ ಮಲಗಿ ಅಭ್ಯಾಸ ಮಾಡಿದರೂ ಅದಕ್ಕಿಂತ ಆಚೆ ನನ್ನ ಗುಂಡಿನ ಮೇಲೆ ನನಗೇ ಭರವಸೆಯಿಲ್ಲ. ಗಂಡು ಎದ್ದಿತು, ಆದರೆ ಬೆನ್ನ ಹಿಂದೆಯೇ ಒಂದು ಹೆಣ್ಣು. ಕಾದೆ. ಅದು ನಾಲ್ಕು ಹೆಜ್ಜೆ ಸರಿಯಿತು. ಮುಂಗಾಲಿನ ಹಿಂದಕ್ಕೆ ಗುರಿಯಿಟ್ಟು ಕುದುರೆ ಎಳೆದೆ. ಐವತ್ತು ಗಜ ಓಡಿ ಬಿತ್ತು. ಹತ್ತಿರ ಹೋಗಿ ಪಕ್ಕದಲ್ಲಿ ಕೂತೆ, ಕೈ ನಡುಗುತ್ತಿತ್ತು. ಅಜ್ಜ ಮಾಡುತ್ತಿದ್ದೆ ಅಂದ ಹಾಗೆ ನೆಲ ಮುಟ್ಟಿ ನಮಸ್ಕರಿಸಿದೆ.

ಮೊದಲು ಪರವಾನಗಿಯ ಕೂಪನ್‌ಗೆ ತಾರೀಕು, ಸಹಿ ಹಾಕಿದೆ. ಆಮೇಲೆ ಕೈ ಜೋರು ನಡೆಯಬೇಕು. ಪ್ರಾಂಗ್‌ಹಾರ್ನ್ ಮಾಂಸ ನಾರುತ್ತದೆ ಅಂತ ಎಷ್ಟೋ ಜನ ಹೇಳುತ್ತಾರೆ. ಬಿಸಿಲಲ್ಲಿ ಪಿಕಪ್ ಹಿಂದೆ ಹಾಕಿಕೊಂಡು ಮೂರು ಗಂಟೆ ಸುತ್ತಿದರೆ ಕುರಿಯೂ ನಾರುತ್ತದೆ. ಕರುಳು ತೆಗೆದು ತಕ್ಷಣ ಚರ್ಮ ಸುಲಿದೆ. ಇದರ ಕೂದಲು ಒಳಗೆ ಟೊಳ್ಳು, ಮುಟ್ಟಿದರೆ ಉದುರುತ್ತದೆ, ಮಾಂಸಕ್ಕೆ ತಾಗಿದರೆ ಬಿಡಿಸುವುದು ಕಷ್ಟ. ಹಾಗಾಗಿ ಚಾಕುವನ್ನು ಚರ್ಮದ ಒಳಗಿನಿಂದ ಹೊರಕ್ಕೇ ಎಳೆಯಬೇಕು. ತೊಡೆ, ಮುಂಗಾಲು, ಬೆನ್ನಿನ ಪಟ್ಟಿ ಬಟ್ಟೆಚೀಲಕ್ಕೆ ತುಂಬಿ, ಎರಡು ಸಲ ಹೊತ್ತು, ಕಾರಿನಲ್ಲಿದ್ದ ಐಸ್ ಪೆಟ್ಟಿಗೆಗೆ ಸೇರಿಸುವಾಗ ಮಧ್ಯಾಹ್ನ ಒಂದು ಗಂಟೆ.

ಭಾನುವಾರ ಹುರಿದ ಮೆಣಸು, ಜೀರಿಗೆ, ಊರಿಂದ ತಂದಿಟ್ಟ ಕಾಚಂಪುಳಿ (ನಮ್ಮ ಕೊಡಗಿನ ಕಪ್ಪು ಹುಳಿ) ಹಾಕಿ ಹೆಂಡತಿ ಮಾಡಿದಳು. ಮುಂಗಾಲಿನ ಮಾಂಸ ಒಂದೂವರೆ ಗಂಟೆ ಬೆಂದಿತು. ಕಾಚಂಪುಳಿ ಕೊನೆಗೆ, ಒಂದೇ ಚಮಚ. ಮಗ ಎರಡನೇ ಸಲ ಬಡಿಸಿಕೊಂಡ. ನನ್ನ ಅಂಗೈಯಲ್ಲಿ ಕಳ್ಳಿಮುಳ್ಳಿನ ತುದಿ ಇನ್ನೂ ಇತ್ತು, ಜಾಕೆಟ್ಟಿನ ತೋಳಿನಲ್ಲಿ ದವನದ ವಾಸನೆಯೂ.