ಹಾಲಿನ ಕ್ಯಾನೋ, ಐಸ್‌ಕ್ರೀಮ್ ಡಬ್ಬವೋ?

ಮೈಸೂರಿನ ಮಂಡಿ ಮೊಹಲ್ಲಾದ ಒಂದು ಗುಜರಿ ಅಂಗಡಿಯಲ್ಲಿ ಆ ಡಬ್ಬ ಸಿಕ್ಕಿತು. ಎರಡು ಗೇಣು ಎತ್ತರ, ಮೇಲಿಂದ ಕೆಳಗಿನವರೆಗೂ ಒಂದೇ ಅಗಲ. ‘ಹಳೇ ಹಾಲಿನ ಕ್ಯಾನು, ತಗೊಳ್ಳಿ ಸಾರ್’ ಅಂದರು ಅಂಗಡಿಯವರು. ನಾನೂ ನಂಬಿ ಮನೆಗೆ ತಂದುಬಿಟ್ಟೆ.

ಮದ್ದೂರಿನ ಕಡೆ ಹಾಲಿನ ಸಂಘದಲ್ಲಿ ಬಹಳ ವರ್ಷ ಕೆಲಸ ಮಾಡಿದ ನಮ್ಮ ಸೋದರಮಾವ ಅದನ್ನು ಕೈಯಲ್ಲಿ ಹಿಡಿದ ಕೂಡಲೇ ತಲೆ ಆಡಿಸಿದರು. ‘ಇದಕ್ಕೆ ಕುತ್ತಿಗೆ ಎಲ್ಲೋ? ಹಾಲಿನ ಕ್ಯಾನಿಗೆ ಕುತ್ತಿಗೆ ಇರಬೇಕು ಕಣೋ. ಇಲ್ದಿದ್ರೆ ಲಾರಿ ಕುಲುಕಾಟಕ್ಕೆ ಹಾಲೆಲ್ಲ ಚೆಲ್ಲೋಗುತ್ತೆ’ ಅಂದರು. ನಲವತ್ತು ಲೀಟರಿನ ಕ್ಯಾನು ತುಂಬಿದರೆ ಹಾಲೇ 41 ಕೆಜಿ ತೂಗುತ್ತದೆ. ಅದನ್ನು ಎತ್ತೋಕೆ ಎರಡು ಹಿಡಿ ಬೇಕು, ನೆಲದ ಮೇಲೆ ಎಳೆದಾಡಿದರೂ ತಳ ಸವೆಯದ ಹಾಗೆ ಕೆಳಗೆ ದಪ್ಪ ಬಳೆ ಬೇಕು. ನನ್ನ ಡಬ್ಬಕ್ಕೆ ಇದ್ಯಾವುದೂ ಇರಲಿಲ್ಲ.

ಆಮೇಲೆ ಅದನ್ನು ಬೋರಲು ಹಾಕಿ ನೋಡಿದೆ. ತಳದ ಸರಿ ನಡುವೆ ಒಂದು ಸಣ್ಣ ಕುಳಿ. ಮುಚ್ಚಳದ ನಡುವೆ ಹೆಬ್ಬೆರಳು ಹೋಗುವಷ್ಟು ತೂತು. ಆಗ ಗೊತ್ತಾಯಿತು, ಇದು ಕೈಯಲ್ಲಿ ತಿರುಗಿಸುವ ಐಸ್‌ಕ್ರೀಮ್ ಯಂತ್ರದ ಒಳಡಬ್ಬ! ಅಮೆರಿಕದ ನ್ಯಾನ್ಸಿ ಜಾನ್ಸನ್ 1843ರಲ್ಲಿ ಪೇಟೆಂಟ್ ಪಡೆದ ಜಾತಿಯದು. ಮರದ ಬಕೆಟ್ಟಿನ ತಳದಲ್ಲಿರುವ ಮೊಳೆ ಈ ಕುಳಿಗೆ ಕೂರುತ್ತದೆ. ಮೇಲಿನ ತೂತಿನಿಂದ ಒಳಗಿನ ಕಲಕುವ ರೆಕ್ಕೆಯ ಕಂಬಿ ಹೊರಗೆ ಬರುತ್ತದೆ. ಸುತ್ತ ಐಸು, ಉಪ್ಪು. ಐಸಿಗೆ ಉಪ್ಪು ಬೆರೆತರೆ ತಣ್ಣಗೆ ಸೊನ್ನೆ ಡಿಗ್ರಿಗಿಂತ ಕೆಳಗೆ ಇಳಿಯುತ್ತದೆ, ಅಳತೆ ಸರಿಯಾಗಿ ಕೂಡಿದರೆ ಮೈನಸ್ 21ರ ತನಕವೂ.

ನನಗೆ ಜಾಸ್ತಿ ಖುಷಿ ಕೊಟ್ಟದ್ದು ತುಕ್ಕು. ಡಬ್ಬದ ಹೊರಮೈಯಲ್ಲಿ ತುಕ್ಕು ಕೆಳಗಿನಿಂದ ಮೇಲಕ್ಕೆ ಬಂದು, ಬಾಯಿಗಿಂತ ನಾಲ್ಕು ಬೆರಳು ಕೆಳಗೆ ಗೆರೆ ಎಳೆದ ಹಾಗೆ ನಿಂತಿತ್ತು. ಉಪ್ಪುನೀರು ಅಲ್ಲಿವರೆಗೆ ನಿಂತಿತ್ತು ಅಂತ ಅರ್ಥ. ಒಳಗೆ ನೋಡಿದರೆ ಕಲಾಯಿ ಇನ್ನೂ ಬೆಳ್ಳಗೆ ಹೊಳೆಯುತ್ತಿತ್ತು. ಹಾಲಿನ ಕ್ಯಾನಿನಲ್ಲಿ ಈ ಗೆರೆ ಯಾಕೆ ಬರುತ್ತೆ, ಅಲ್ವಾ?

ಇಂಥ ಹಳೇ ಡಬ್ಬ ಕೊಳ್ಳಲು ಹೋಗುವಾಗ ಜೇಬಿನಲ್ಲಿ ಒಂದು ಅಯಸ್ಕಾಂತ ಇಟ್ಟುಕೊಳ್ಳಿ. ಕಲಾಯಿ ಹಾಕಿದ ಕಬ್ಬಿಣದ ತಗಡಾದರೆ ಹಿಡಿಯುತ್ತದೆ. ಅಲ್ಯೂಮಿನಿಯಂ, ಹಿತ್ತಾಳೆ, ತಾಮ್ರವಾದರೆ ಹಿಡಿಯಲ್ಲ.

ಹಾಲು ಅಳೆಯುವ ಹಳೇ ಅಳತೆಗಳಲ್ಲಿ ಮುದ್ರೆ ಹುಡುಕಬೇಕು. ತೂಕ-ಅಳತೆ ಇಲಾಖೆಯವರು ಪರೀಕ್ಷೆ ಮಾಡಿ ಒತ್ತುವ ಮುದ್ರೆಯಲ್ಲಿ ವರ್ಷದ ಕೊನೆಯ ಎರಡು ಅಂಕಿ, ಜೊತೆಗೆ ಯಾವ ಮೂರು ತಿಂಗಳು ಅಂತ ಹೇಳುವ ಎ, ಬಿ, ಸಿ, ಡಿ ಅಕ್ಷರ ಇರುತ್ತದೆ. ಭೂತಗನ್ನಡಿ ಹಿಡಿದು, ಟಾರ್ಚನ್ನು ಪಕ್ಕದಿಂದ ಬಿಟ್ಟರೆ ಸವೆದ ಅಂಕಿಯೂ ಎದ್ದು ಕಾಣುತ್ತದೆ. ಲೀಟರು ಲೆಕ್ಕದ್ದಾದರೆ ಅದು 1956ರ ಮೆಟ್ರಿಕ್ ಕಾನೂನಿನಿಂದ ಈಚಿನದು ಅಂತ ಹಿಡಿಯಬಹುದು. ಅದಕ್ಕೂ ಹಿಂದಿನವು ಪಾವು, ಸೇರಿನ ಲೆಕ್ಕದವು.

ಒಂದು ತಪ್ಪು ಮಾಡಿದ್ದೇನೆ, ಅದು ಇವತ್ತಿಗೂ ಕಾಡುತ್ತದೆ. ಮಂಡ್ಯದಲ್ಲಿ ಕೊಂಡ ಅಲ್ಯೂಮಿನಿಯಂ ಕ್ಯಾನನ್ನು ತಂದ ದಿನವೇ ತಂತಿ ಬ್ರಷ್‌ನಿಂದ ಉಜ್ಜಿ ಫಳಫಳ ಮಾಡಿದೆ. ಕ್ಯಾನಿನ ಹೆಗಲ ಮೇಲೆ ಕೆಂಪು ಪೇಂಟಿನ ಚಕ್ಕೆಗಳಿದ್ದವು, ಸುಮ್ನೆ ಕೊಳೆ ಅಂದುಕೊಂಡೆ. ಮಾವ ಬಂದು ನೋಡಿ, ‘ಸಂಘದ ನಂಬರ್ ಅಲ್ಲೇ ಬರೀತಿದ್ದರು ಕಣೋ’ ಅಂದರು. ಆ ಕ್ಯಾನು ಯಾವ ಊರಿನದು ಅಂತ ಇನ್ನು ಹೇಳುವ ಹಾಗಿಲ್ಲ. ಈಗ ಏನೇ ತಂದರೂ ಮೊದಲು ನಾಲ್ಕೂ ಕಡೆಯಿಂದ ಫೋಟೋ ತೆಗೆಯುತ್ತೇನೆ. ಆಮೇಲೆ ಒದ್ದೆ ಬಟ್ಟೆ, ಅಷ್ಟೇ. ಹಳೇ ಬೆಸುಗೆಯಲ್ಲಿ ಸೀಸ ಇರುವುದರಿಂದ ಇಂಥವುಗಳಲ್ಲಿ ಹಾಲನ್ನಂತೂ ಹಾಕಬೇಡಿ.

ಐಸ್‌ಕ್ರೀಮ್ ಡಬ್ಬದ ಜೋಡಿ ಬಕೆಟ್ ಇನ್ನೂ ಸಿಕ್ಕಿಲ್ಲ. ಮರದ ಬಕೆಟ್ ಎಲ್ಲಿ ಕಂಡರೂ ಒಳಗೆ ಕೈಹಾಕಿ, ತಳದ ನಡುವೆ ಮೊಳೆ ಇದೆಯಾ, ಪಕ್ಕದಲ್ಲಿ ಉಪ್ಪುನೀರು ಹರಿದುಹೋಗುವ ತೂತು ಇದೆಯಾ ಅಂತ ತಡವಿ ನೋಡುತ್ತೇನೆ.