ಹಿತ್ತಲಲ್ಲಿ ಮದ್ದುಸೊಪ್ಪು: ನನ್ನ ಅನುಭವ

ಮದುವೆಯಾಗಿ ವಿರಾಜಪೇಟೆ ಕಡೆಗೆ ಬಂದ ಮೊದಲ ವರ್ಷ. ಆಗಸ್ಟ್ 3ರಂದು ತಟ್ಟೆಗೆ ನೇರಳೆ ಬಣ್ಣದ ಪಾಯಸ ಬಿತ್ತು. ಸುಮ್ನೆ ಬಣ್ಣ ಹಾಕಿದ್ದಾರೆ ಅಂದುಕೊಂಡೆ. ಮರುದಿನ ಬೆಳಗ್ಗೆ ಮೂತ್ರ ಕೆಂಪಗೆ ಹೋಯಿತು ನೋಡಿ, ಗಾಬರಿಯಾಗಿ ಅತ್ತೆ ಹತ್ತಿರ ಓಡಿದೆ. ಅವರಿಗೆ ನಗು. "ಮದ್ದು ಹಿಡಿದಿದೆ ಬಿಡು" ಅಂದರು. ಕೊಡವರ ಪಂಚಾಂಗದ ಕಕ್ಕಡ ತಿಂಗಳ 18ನೇ ದಿನ, ಅಂದರೆ ಆಗಸ್ಟ್ 3ರ ಸುಮಾರಿಗೆ, ಮದ್ದುಸೊಪ್ಪು ತಿನ್ನುವುದು ಇಲ್ಲಿಯ ರೂಢಿ.

ಆ ದಿನಕ್ಕೆ ಪೇಟೆಯಲ್ಲಿ ಕಟ್ಟು ಕಟ್ಟಿ ಮಾರುತ್ತಾರೆ. ಆದರೆ ಮನೆಯಲ್ಲೇ ಬೆಳೆಸುವುದು ಸುಲಭ. ಆಡುಸೋಗೆಯ ಬಳಗದ್ದೇ ಗಿಡ, ವರ್ಷವಿಡೀ ಹಸಿರು. ಬೀಜದ ಗೊಡವೆ ಬೇಡ. ಜೂನ್ ಮಳೆ ಹಿಡಿದ ಮೇಲೆ ಮೂರು ಗೆಣ್ಣಿನ ಹತ್ತು ಕಡ್ಡಿ ಮುರಿದು, ಎರಡು ಗೆಣ್ಣು ಮಣ್ಣೊಳಗೆ ಹೋಗುವ ಹಾಗೆ ಊರಿದೆ. ಚೆಂದ ಕಾಣಲಿ ಅಂತ ನಾಲ್ಕನ್ನು ಅಂಗಳದ ಬದಿಯಲ್ಲಿ ನೆಟ್ಟಿದ್ದೆ. ಮಳೆಗಾಲವಿಡೀ ಜೋರಾಗಿಯೇ ಬಂದವು, ಮಾರ್ಚ್ ಬಿಸಿಲಿಗೆ ಎಲೆ ಹಳದಿಯಾಗಿ ಒಣಗಿದವು. ಬಚ್ಚಲ ಹಿಂದೆ ಹಲಸಿನ ಬುಡದಲ್ಲಿ ಊರಿದ ಆರು ಮಾತ್ರ ಈಗ ಸೊಂಟದೆತ್ತರ ಇವೆ. ಕಾಡಿನ ನೆರಳಲ್ಲಿ ಬೆಳೆಯುವ ಗಿಡ ಅಲ್ವಾ, ಅಂಗಳ ಒಗ್ಗಲಿಲ್ಲ. ಗೊಬ್ಬರ ಹಾಕಿಲ್ಲ, ಉದುರಿದ ಹಲಸಿನ ಎಲೆಯೇ ಸಾಕಾಗಿದೆ.

ಆ ದಿನ ಸೊಪ್ಪಿನಲ್ಲಿ 18 ಬಗೆ ಮದ್ದು ಸೇರಿರುತ್ತದೆ ಅಂತ ಹಿರಿಯರ ಮಾತು. ನಾನು ಎಣಿಸಲು ಹೋಗಿಲ್ಲ. ಆದರೆ ತಡೆಯಲಾರದೆ ಒಂದು ವರ್ಷ ಜೂನ್‌ನಲ್ಲೇ ಕೊಯ್ದು ಬೇಯಿಸಿದ್ದೆ. ಬಣ್ಣ ಪೇಲವ, ಪರಿಮಳವೂ ಇಲ್ಲ.

ಪಾಯಸಕ್ಕೆ ಎಲೆಯ ಜೊತೆ ಎಳೆ ಕಾಂಡವೂ ಬೇಕು. ತೊಳೆದು, ಹೆಚ್ಚಿ, ಮುಳುಗುವಷ್ಟು ನೀರಲ್ಲಿ ಸಣ್ಣ ಉರಿಯಲ್ಲಿ ಕುದಿಸುತ್ತೇನೆ. ಬಣ್ಣ ನಿಧಾನಕ್ಕೆ ಬಿಡುತ್ತದೆ, ಅವಸರ ಮಾಡಬಾರದು. ಸೌಟಿನಲ್ಲೆತ್ತಿ ಸುರಿದರೆ ಮಾಗಿದ ನೇರಳೆ ಹಣ್ಣಿನ ರಸದ ಹಾಗೆ ಕಾಣಬೇಕು. ಸೋಸಿ, ಆ ನೀರಲ್ಲೇ ಸಣ್ಣಕ್ಕಿ ಬೇಯಿಸುವುದು. ಒಂದು ಲೋಟ ಅಕ್ಕಿಗೆ ಐದಾರು ಲೋಟ ನೀರು. ಮೊದಲ ಸಲ ಅಕ್ಕಿಯ ಜೊತೆಗೇ ಬೆಲ್ಲ ಹಾಕಿ ಕೂತಿದ್ದೆ. ಗಂಟೆ ಕಳೆದರೂ ಅಕ್ಕಿ ಬೇಯಲೇ ಇಲ್ಲ! ಅಗುಳು ಪೂರ್ತಿ ಮೆತ್ತಗಾದ ಮೇಲೆಯೇ ಬೆಲ್ಲ. ಒಲೆಯಿಂದ ಇಳಿಸಿ ಗಟ್ಟಿ ಕಾಯಿಹಾಲು, ಏಲಕ್ಕಿ. ಬಡಿಸುವಾಗ ತುಪ್ಪ. ಸೋಸುವುದಕ್ಕೆ ಹಳೇ ಬಟ್ಟೆ ಇಟ್ಟುಕೊಳ್ಳಿ, ಕಲೆ ಹೋಗುವುದಿಲ್ಲ.

ಕೊಯ್ಯುವಾಗ ಬುಡದಲ್ಲಿ ಗೇಣುದ್ದ ಬಿಡುತ್ತೇನೆ, ಮತ್ತೆ ಚಿಗುರುತ್ತದೆ. ಬಲಿತ ಕಡ್ಡಿ ಎರಡು ಮೂರು ಸಿಕ್ಕಿದರೆ ಅಲ್ಲೇ ಮಣ್ಣಿಗೆ ಚುಚ್ಚಿ ಬರುತ್ತೇನೆ.