ಥೈರಾಯ್ಡ್ ಮಾತ್ರೆ ಮೊದಲು, ಕಾಫಿ ಆಮೇಲೆ

ಮದುವೆಗೆ ಮುಂಚಿನಿಂದಲೂ ನನಗೆ ಹೈಪೋಥೈರಾಯ್ಡ್ ಇದೆ, ಅಂದರೆ ಥೈರಾಯ್ಡ್ ಗ್ರಂಥಿ ಸಾಕಷ್ಟು ಹಾರ್ಮೋನು ತಯಾರಿಸುವುದಿಲ್ಲ. ಅದಕ್ಕೆ ದಿನಾ 75 ಮೈಕ್ರೋಗ್ರಾಂನ ಥೈರಾಯ್ಡ್ ಮಾತ್ರೆ, ಲೆವೊಥೈರಾಕ್ಸಿನ್, ನುಂಗುತ್ತಿದ್ದೆ. ಮಗು ಬೇಕೆಂದು ತೀರ್ಮಾನಿಸಿದ ಮೇಲೆ ನಾನು ಮೊದಲು ಹೋದದ್ದು ಹಾರ್ಮೋನ್ ತಜ್ಞೆ, ಅಂದರೆ ಎಂಡೋಕ್ರೈನಾಲಜಿಸ್ಟ್ ಬಳಿಗೆ. ಟಿಎಸ್‌ಎಚ್ ಆಗ 4ರ ಆಸುಪಾಸಿನಲ್ಲಿತ್ತು; ಮೈಯಲ್ಲಿ ಥೈರಾಯ್ಡ್ ಹಾರ್ಮೋನು ಕಡಿಮೆಯಾದಷ್ಟೂ ರಕ್ತದಲ್ಲಿ ಏರುವ ಅಳತೆ ಇದು. ಲ್ಯಾಬ್ ವರದಿಯ ಪ್ರಕಾರ ನಾರ್ಮಲ್. ವೈದ್ಯೆ ಒಪ್ಪಲಿಲ್ಲ. "ನಿಮ್ಮೊಬ್ಬರಿಗೆ ಇದು ಸಾಕು. ಇಬ್ಬರಿಗೆ ಸಾಲುವುದಿಲ್ಲ. 2.5ಕ್ಕಿಂತ ಕೆಳಗಿಳಿಯಲಿ, ಆಮೇಲೆ ನೋಡೋಣ" ಎಂದರು.

ಕಾರಣವನ್ನೂ ಬಿಡಿಸಿ ಹೇಳಿದರು. ಹೊಟ್ಟೆಯಲ್ಲಿರುವ ಕೂಸಿನ ಥೈರಾಯ್ಡ್ ಗ್ರಂಥಿ ಸುಮಾರು 12 ವಾರಗಳ ತನಕ ಕೆಲಸ ಶುರುಮಾಡುವುದೇ ಇಲ್ಲ; 18-20 ವಾರಗಳವರೆಗೂ ಅದಕ್ಕೆ ಬಹುಪಾಲು ತಾಯಿಯ ಹಾರ್ಮೋನೇ ಗತಿ. ಮಿದುಳು ಬೆಳೆಯುವ ಕಾಲವೂ ಅದೇ. ಮುಟ್ಟು ತಪ್ಪಿ, ಪರೀಕ್ಷೆಯಾಗಿ, ಆಸ್ಪತ್ರೆಯ ಮೆಟ್ಟಿಲು ಹತ್ತುವಷ್ಟರಲ್ಲಿ ಅದರಲ್ಲಿ ಎಷ್ಟೋ ವಾರಗಳು ಕಳೆದುಹೋಗಿರುತ್ತವೆ. ಹಾಗಾಗಿ ಮೊದಲೇ ಸರಿಮಾಡಿಕೊಳ್ಳಬೇಕು.

ಡೋಸ್ ಸ್ವಲ್ಪ ಏರಿಸಿದರು. ಜೊತೆಗೆ ಫೋಲಿಕ್ ಆಮ್ಲವೂ ಶುರುವಾಯಿತು. ನನ್ನ ಮಟ್ಟಿಗೆ ದೊಡ್ಡ ಕೆಲಸವೆಂದರೆ ಗಡಿಯಾರದ ಜೊತೆಗಿನ ಹೊಂದಾಣಿಕೆ. ನಮ್ಮ ಮನೆಯಲ್ಲಿ ಬೆಳಕು ಹರಿಯುವ ಮೊದಲೇ ಫಿಲ್ಟರ್ ಕಾಫಿಯ ಡಿಕಾಕ್ಷನ್ ಇಳಿದಿರುತ್ತದೆ. ಮಾತ್ರೆ ನುಂಗಿದ ಬೆನ್ನಿಗೇ ಕಾಫಿ ಕುಡಿದರೆ ಔಷಧ ಮೈಗೆ ಸರಿಯಾಗಿ ಹತ್ತುವುದಿಲ್ಲ. ಅರ್ಧ ಗಂಟೆಯಿಂದ ಒಂದು ಗಂಟೆ ಬಿಡಬೇಕು. ಮಾತ್ರೆಯ ಬಾಟಲಿಯನ್ನು ಅಡುಗೆಮನೆಯಿಂದ ಹಾಸಿಗೆಯ ಪಕ್ಕಕ್ಕೆ ತಂದೆ, ಜೊತೆಗೊಂದು ಲೋಟ ನೀರು. ಎಚ್ಚರವಾದೊಡನೆ ನುಂಗಿ, ಸ್ನಾನ ಮುಗಿಸಿ, ಆಮೇಲೆ ಕಾಫಿ. ಹಿಮೋಗ್ಲೋಬಿನ್ ಕಡಿಮೆಯಿದ್ದದ್ದರಿಂದ ಕಬ್ಬಿಣಾಂಶದ ಮಾತ್ರೆಯೂ ಇತ್ತು. ಅದಕ್ಕೂ ಥೈರಾಯ್ಡ್ ಮಾತ್ರೆಗೂ ನಾಲ್ಕು ಗಂಟೆ ಅಂತರವಿರಬೇಕು, ಕ್ಯಾಲ್ಸಿಯಂಗೂ ಅಷ್ಟೇ. ಎಲ್ಲವನ್ನೂ ಒಂದೇ ಗುಟುಕಿಗೆ ನುಂಗಿ ಮುಗಿಸುವವರನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ರಕ್ತ ಕೊಡುವ ದಿನ ಮಾತ್ರೆಯನ್ನು ಪರೀಕ್ಷೆ ಮುಗಿದ ಮೇಲೆಯೇ ತೆಗೆದುಕೊಳ್ಳುತ್ತಿದ್ದೆ. ಕೂದಲು ಉದುರುತ್ತದೆಂದು ನಮ್ಮಂಥವರಲ್ಲಿ ಅನೇಕರು ಬಯೋಟಿನ್ ಎಂಬ ವಿಟಮಿನ್ ನುಂಗುತ್ತಾರೆ. ಅದು ಥೈರಾಯ್ಡ್ ವರದಿಯನ್ನೇ ದಾರಿ ತಪ್ಪಿಸಬಲ್ಲದು, ಎರಡು ದಿನ ಮುಂಚಿತವಾಗಿ ನಿಲ್ಲಿಸಬೇಕು. ಗರ್ಭ ನಿಲ್ಲುವ ಮೊದಲಾದರೆ, ಡೋಸ್ ಬದಲಾದ ಮೇಲೆ ಆರು ವಾರ ಕಾಯದೆ ಪರೀಕ್ಷೆ ಮಾಡಿಸುವುದು ದುಡ್ಡು ದಂಡ.

ಊಟದ ವಿಷಯದಲ್ಲಿ ಬಂದ ಉಪದೇಶಗಳಿಗೆ ಲೆಕ್ಕವಿಲ್ಲ. ಎಲೆಕೋಸು ಮುಟ್ಟಲೇಬಾರದು ಎಂದವರು ಬಹಳ. ಬೇಯಿಸಿದ ಪಲ್ಯವನ್ನು ಎಲ್ಲರಂತೆ ಹಿತಮಿತವಾಗಿ ತಿಂದೆ, ವೈದ್ಯೆಯೂ ಬೇಡವೆನ್ನಲಿಲ್ಲ. ನಾನು ಬದಲಾಯಿಸಿದ್ದು ಉಪ್ಪನ್ನು. ಆರೋಗ್ಯಕ್ಕೆ ಒಳ್ಳೆಯದೆಂದು ಮನೆಯಲ್ಲಿ ಸೈಂಧವ ಲವಣ ಬಳಸುತ್ತಿದ್ದರು. ಅದರಲ್ಲಿ ನಂಬುವಷ್ಟು ಅಯೋಡಿನ್ ಇರುವುದಿಲ್ಲ. ಗರ್ಭಿಣಿಗೆ ದಿನಕ್ಕೆ ಸುಮಾರು 250 ಮೈಕ್ರೋಗ್ರಾಂ ಅಯೋಡಿನ್ ಬೇಕು. ಸಾದಾ ಅಯೋಡಿನ್ ಉಪ್ಪಿನ ಪ್ಯಾಕೆಟ್ ಮತ್ತೆ ಡಬ್ಬಿಗೆ ಬಂತು.

ಟಿಎಸ್‌ಎಚ್ 2ಕ್ಕಿಂತ ಕೆಳಗಿಳಿದ ದಿನ ವೈದ್ಯೆ ಒಂದು ಚೀಟಿ ಬರೆದುಕೊಟ್ಟರು: ಗರ್ಭ ನಿಂತಿದೆಯೆಂದು ತಿಳಿದ ದಿನದಿಂದಲೇ ವಾರಕ್ಕೆ ಏಳರ ಬದಲು ಒಂಬತ್ತು ಮಾತ್ರೆ, ಬುಧವಾರ ಒಂದು, ಶನಿವಾರ ಒಂದು ಹೆಚ್ಚುವರಿ; ಕೂಡಲೇ ರಕ್ತಪರೀಕ್ಷೆ. ಗರ್ಭ ನಿಂತಾಗ ಹಾರ್ಮೋನಿನ ಅಗತ್ಯ ಬೇಗ ಏರುತ್ತದೆ, ಅಪಾಯಿಂಟ್‌ಮೆಂಟ್ ಸಿಗುವವರೆಗೆ ಅದು ಕಾಯುವುದಿಲ್ಲ. ಇಡೀ ತಯಾರಿಯಲ್ಲಿ ಅತ್ಯಂತ ಬೆಲೆಯುಳ್ಳದ್ದು ಈ ಚೀಟಿಯೇ ಎಂದು ನನಗನ್ನಿಸುತ್ತದೆ. ನಿಮ್ಮ ವೈದ್ಯರ ಲೆಕ್ಕ ಬೇರೆ ಇರಬಹುದು, ಆದರೆ ಚೀಟಿಯನ್ನು ಮಾತ್ರ ಮೊದಲೇ ಬರೆಸಿಕೊಳ್ಳಿ. ಥೈರಾಯ್ಡ್ ಅತಿಯಾಗಿ ಕೆಲಸ ಮಾಡುವ ಹೈಪರ್‌ಥೈರಾಯ್ಡ್ ಇರುವವರಿಗೆ ನನ್ನ ಕಥೆ ಹೊಂದುವುದಿಲ್ಲ. ಅದನ್ನು ತಗ್ಗಿಸಲು ಕಾರ್ಬಿಮಜೋಲ್ ಮಾತ್ರೆ ತೆಗೆದುಕೊಳ್ಳುವವರು ಗರ್ಭಧಾರಣೆಗೆ ಮೊದಲೇ ವೈದ್ಯರೊಡನೆ ಮಾತಾಡಲೇಬೇಕು.

ಅತ್ತೆಗೆ ಮಾತ್ರ ಸಮಾಧಾನವಿರಲಿಲ್ಲ. "ಬಸುರಿ ಇಷ್ಟೊಂದು ಮಾತ್ರೆ ನುಂಗಬಾರದಮ್ಮ, ಥೈರಾಯ್ಡ್ ಮಾತ್ರೆಯನ್ನಾದರೂ ಬಿಡು" ಎಂದರು. ಗ್ರಂಥಿ ತಾನೇ ತಯಾರಿಸಬೇಕಿದ್ದ ಹಾರ್ಮೋನನ್ನೇ ಈ ಮಾತ್ರೆ ಕೊಡುತ್ತದೆ ಎಂದು ನಾನು ಹೇಳಿದರೆ ನಂಬಲಿಲ್ಲ. ಮುಂದಿನ ಭೇಟಿಗೆ ಅವರನ್ನೂ ಕರೆದುಕೊಂಡು ಹೋದೆ. ವೈದ್ಯೆಯ ಬಾಯಿಂದ ಅದನ್ನೇ ಕೇಳಿದ ಮೇಲೆ ಸುಮ್ಮನಾದರು.

ಎರಡನೆಯ ತಿಂಗಳಲ್ಲಿ ವಾಂತಿ ಶುರುವಾಗಿ ಬೆಳಗಿನ ಏರ್ಪಾಡೆಲ್ಲ ತಲೆಕೆಳಗಾಯಿತು. ನೀರೂ ನಿಲ್ಲುತ್ತಿರಲಿಲ್ಲ, ಮಾತ್ರೆ ಎಲ್ಲಿ ನಿಂತೀತು? ವೈದ್ಯೆಯನ್ನು ಕೇಳಿ ರಾತ್ರಿಗೆ ಬದಲಾಯಿಸಿಕೊಂಡೆ. ಏಳಕ್ಕೇ ಊಟ, ಮೂರು ಗಂಟೆ ಬಿಟ್ಟು ಹತ್ತಕ್ಕೆ ಥೈರಾಯ್ಡ್ ಮಾತ್ರೆ. ಮುಂದೆ ಕ್ಯಾಲ್ಸಿಯಂ ಸೇರಿದಾಗ ಅದನ್ನು ಬೆಳಗಿನ ತಿಂಡಿಯ ನಂತರಕ್ಕೆ, ಕಬ್ಬಿಣಾಂಶವನ್ನು ಮಧ್ಯಾಹ್ನದ ಊಟದ ನಂತರಕ್ಕೆ ಇಟ್ಟೆ. ಅರ್ಧ ಗರ್ಭಾವಧಿ ಕಳೆಯುವವರೆಗೆ ನಾಲ್ಕು ವಾರಕ್ಕೊಮ್ಮೆ ಟಿಎಸ್‌ಎಚ್ ಪರೀಕ್ಷೆ, ಆಮೇಲೆ 30ನೆಯ ವಾರದ ಹೊತ್ತಿಗೆ ಇನ್ನೊಮ್ಮೆ.

ಹೆರಿಗೆಯಾದ ಮೇಲೆ ಡೋಸ್ ಹಳೆಯ ಮಟ್ಟಕ್ಕೆ ಇಳಿಯಿತು, ಆರು ವಾರಕ್ಕೆ ಮತ್ತೆ ಪರೀಕ್ಷೆ. ಹಾಲೂಡಿಸಲು ಈ ಮಾತ್ರೆಯಿಂದ ಯಾವ ತೊಂದರೆಯೂ ಇಲ್ಲ. ಮಗು ಹುಟ್ಟಿ ಎರಡು ದಿನ ಕಳೆದ ಮೇಲೆ ಹಿಮ್ಮಡಿಯಿಂದ ರಕ್ತ ತೆಗೆದು ಅದರ ಟಿಎಸ್‌ಎಚ್ ಕೂಡ ನೋಡಿದರು. ಡಿಸ್ಚಾರ್ಜ್ ಕಾಗದಗಳ ಜೊತೆ ಆ ವರದಿ ಇರಲಿಲ್ಲ, ಫೋನ್ ಮಾಡಿ ಕೇಳಿ ತರಿಸಿಕೊಂಡೆವು.